ಕಾರ್ಡ್ ಮನೆಯಲ್ಲೇ ಇತ್ತು, ಹಣ ಮಾತ್ರ ಹೋಯಿತು: ಬ್ಯಾಂಕಿನ ಹೊಣೆ ಎಷ್ಟು, ನಿಮ್ಮದೆಷ್ಟು?

ಪ್ರಶ್ನೆ: ನಮ್ಮ ತಾಯಿಯವರ ಉಳಿತಾಯ ಖಾತೆ ಚಿತ್ರದುರ್ಗದ ಒಂದು ಬ್ಯಾಂಕಿನಲ್ಲಿದೆ. ಒಂದು ಶುಕ್ರವಾರ ರಾತ್ರಿ 11:52 ಮತ್ತು 11:54ಕ್ಕೆ, ಮತ್ತೆ 12:03 ಮತ್ತು 12:05ಕ್ಕೆ, ದೆಹಲಿಯ ಎಟಿಎಂ ಒಂದರಿಂದ ತಲಾ 10,000 ರೂ.ನಂತೆ 40,000 ರೂ. ತೆಗೆದಿದ್ದಾರೆ. ಭಾನುವಾರ ಯಾವುದೋ ವಿದೇಶಿ ಜಾಲತಾಣಕ್ಕೆ 13,760 ರೂ. ಹೋಗಿದೆ, ಒಟಿಪಿಯೇ ಬಂದಿಲ್ಲ. ಕಾರ್ಡ್ ನಮ್ಮ ಮನೆಯಲ್ಲೇ ಇತ್ತು. ಅದೇ ಶುಕ್ರವಾರ ಸಂಜೆ 7:40ಕ್ಕೆ ನಾನೇ ಅದರಿಂದ ಊರಿನ ಎಟಿಎಂನಲ್ಲಿ 2,000 ರೂ. ತೆಗೆದಿದ್ದೆ. ತಾಯಿಯವರಿಗೆ ವಯಸ್ಸಾಗಿರುವುದರಿಂದ ಪಿನ್ ನನಗೂ ಗೊತ್ತು. ಮೆಸೇಜ್ ನೋಡಿದ್ದು ಶನಿವಾರ ಬೆಳಿಗ್ಗೆ. ಎರಡನೇ ಶನಿವಾರವಾಗಿ ಶಾಖೆ ಮುಚ್ಚಿತ್ತು. ಮಂಗಳವಾರ ಶಾಖೆಗೆ ಹೋಗಿ ಬರೆದುಕೊಟ್ಟೆವು, ದೂರು ಸಂಖ್ಯೆಯೂ ಬಂತು. 25 ದಿನದ ಮೇಲೆ ‘ಸರಿಯಾದ ಪಿನ್ ಬಳಸಿ ವಹಿವಾಟು ನಡೆದಿದೆ, ಇದು ಗ್ರಾಹಕರ ನಿರ್ಲಕ್ಷ್ಯ, ಬೇಕಿದ್ದರೆ ಎಫ್‌ಐಆರ್ ತನ್ನಿ’ ಎಂದು ಉತ್ತರ ಬಂದಿದೆ. ಹಣ ವಾಪಸ್ ಬರುವ ದಾರಿ ಇದೆಯೇ?

ಉತ್ತರ: ಇದೆ. ಬ್ಯಾಂಕ್ ಕೊಟ್ಟಿರುವ ಉತ್ತರಕ್ಕೆ ರಿಸರ್ವ್ ಬ್ಯಾಂಕಿನ ನಿಯಮದ ಬೆಂಬಲವಿಲ್ಲ. ‘ಪಿನ್ ಸರಿಯಿತ್ತು’ ಎಂಬುದು ವಹಿವಾಟು ಹೇಗೆ ನಡೆಯಿತು ಎಂಬುದರ ವಿವರ ಅಷ್ಟೆ. ತಪ್ಪು ಯಾರದು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಆ ಸಾಕ್ಷಿಯನ್ನು ತೋರಿಸಬೇಕಾದವರು ಬ್ಯಾಂಕಿನವರೇ ಹೊರತು ನಿಮ್ಮ ತಾಯಿಯವರಲ್ಲ. ನಿಮ್ಮ ಪತ್ರದಲ್ಲಿ ಒಂದು ದುರ್ಬಲ ಅಂಶವೂ ಇದೆ, ಅದನ್ನು ಮುಚ್ಚಿಡದೆ ಮುಂದೆ ಹೇಳುತ್ತೇನೆ.

ಈ ವಿಷಯದಲ್ಲಿ ಗ್ರಾಹಕರ ಕೈಯಲ್ಲಿರುವ ಮುಖ್ಯ ದಾಖಲೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ. ಅನಧಿಕೃತ ಎಲೆಕ್ಟ್ರಾನಿಕ್ ವಹಿವಾಟುಗಳಲ್ಲಿ ಗ್ರಾಹಕರ ಹೊಣೆ ಎಷ್ಟಕ್ಕೆ ಸೀಮಿತ ಎಂದು ಅದು ಹೇಳುತ್ತದೆ. 2025ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಹಳೆಯ ಸುತ್ತೋಲೆಗಳನ್ನು ಒಟ್ಟುಗೂಡಿಸಿದಾಗ ಇದರ ನಿಯಮಗಳು ಹೊಸ ನಿರ್ದೇಶನಗಳೊಳಗೆ ಸೇರಿದವು. ಅದು ಗ್ರಾಮೀಣ ಬ್ಯಾಂಕುಗಳೂ ಸೇರಿದಂತೆ ವಾಣಿಜ್ಯ ಬ್ಯಾಂಕುಗಳಿಗೆ, ಸಣ್ಣ ಹಣಕಾಸು ಬ್ಯಾಂಕು ಮತ್ತು ಪೇಮೆಂಟ್ಸ್ ಬ್ಯಾಂಕುಗಳಿಗೆ ಅನ್ವಯಿಸುವಂತೆ ಬಂತು. ಅದೇ ವರ್ಷ ಡಿಸೆಂಬರ್ 14ರಂದು ಸಹಕಾರಿ ಬ್ಯಾಂಕುಗಳಿಗೂ ಇಂಥದೇ ನಿಯಮ ಬಂತು. ಇದರ ಆಧಾರದ ಮೇಲೆ ಪ್ರತಿ ಬ್ಯಾಂಕೂ ತನ್ನ ಆಡಳಿತ ಮಂಡಳಿ ಒಪ್ಪಿದ ‘ಗ್ರಾಹಕ ರಕ್ಷಣಾ ನೀತಿ’ಯನ್ನು ಜಾಲತಾಣದಲ್ಲಿ ಹಾಕಬೇಕು. ನಿಮ್ಮ ಬ್ಯಾಂಕಿನ ನೀತಿಯ ಈಗಿನ ಪ್ರತಿಯನ್ನು ಇಂದೇ ಇಳಿಸಿಕೊಂಡು ಮುದ್ರಿಸಿಟ್ಟುಕೊಳ್ಳಿ. ಕೆಲವು ಬ್ಯಾಂಕುಗಳ ನೀತಿ ರಿಸರ್ವ್ ಬ್ಯಾಂಕ್ ಹೇಳಿದ್ದಕ್ಕಿಂತ ಉದಾರವಾಗಿರುತ್ತದೆ. ಶಾಖೆಯ ಸಿಬ್ಬಂದಿಗೇ ಅದು ಗೊತ್ತಿರುವುದಿಲ್ಲ.

ಆ ಸುತ್ತೋಲೆ ನಷ್ಟವನ್ನು ಮೂರು ಬಗೆಯಾಗಿ ನೋಡುತ್ತದೆ. ತಪ್ಪು, ವಂಚನೆ ಅಥವಾ ಲೋಪ ಬ್ಯಾಂಕಿನ ಕಡೆಯದಾದರೆ ನಿಮ್ಮ ಹೊಣೆ ಸೊನ್ನೆ. ನೀವು ದೂರು ಕೊಟ್ಟಿದ್ದು ಯಾವಾಗ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎರಡನೆಯದು, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ವ್ಯವಸ್ಥೆಯ ಬೇರೆಲ್ಲೋ ಸೋರಿಕೆಯಾಗಿದೆ ಎಂಬ ಸಂದರ್ಭ. ಯಾರೋ ಎಟಿಎಂನಲ್ಲಿ ಸ್ಕಿಮ್ಮರ್ (ಕಾರ್ಡಿನ ಮಾಹಿತಿ ಕದಿಯುವ ಸಾಧನ) ಕೂರಿಸಿ ಕಾರ್ಡಿನ ನಕಲು ಮಾಡಿದ್ದು ಸಾಮಾನ್ಯವಾಗಿ ಈ ಸಾಲಿಗೆ ಬರುತ್ತದೆ. ಇಲ್ಲಿ ಬ್ಯಾಂಕಿನಿಂದ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ನಿಮ್ಮದು. ಏಳು ದಿನ ದಾಟಿದರೆ ಬ್ಯಾಂಕಿನ ನೀತಿ ಹೇಳಿದಂತೆ. ಮೂರನೆಯದು ಗ್ರಾಹಕರ ಸ್ವಂತ ನಿರ್ಲಕ್ಷ್ಯ: ಪಿನ್, ಒಟಿಪಿ, ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಟ್ಟು ನಷ್ಟವಾಗಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಗ್ರಾಹಕರದು. ತಿಳಿಸಿದ ಮೇಲೆ ಹೋದ ಪ್ರತಿ ರೂಪಾಯಿಯೂ ಬ್ಯಾಂಕಿನದು.

ನಿಮ್ಮನ್ನು ಬ್ಯಾಂಕ್ ಮೂರನೆಯ ಸಾಲಿಗೆ ತಳ್ಳಿದೆ. ನಿಮ್ಮ ಪ್ರಕರಣ ಸೇರಬೇಕಾದ್ದು ಮೊದಲ ಎರಡಕ್ಕೆ.

ಮೂರು ದಿನದ ಲೆಕ್ಕ

ದಿನ ಎಣಿಸುವ ಕ್ರಮವನ್ನು ಬಹಳ ಜನ ತಪ್ಪು ತಿಳಿದು, ತಡವಾಯಿತೆಂದು ತಾವೇ ಕೈಬಿಡುತ್ತಾರೆ. ಮೆಸೇಜ್ ಬಂದ ದಿನವನ್ನು ಎಣಿಸುವಂತಿಲ್ಲ. ಖಾತೆ ಇರುವ ಶಾಖೆಗೆ ಯಾವುದು ಕೆಲಸದ ದಿನವೋ ಅದನ್ನು ಮಾತ್ರ ಎಣಿಸಬೇಕು. ನಿಮ್ಮ ಪ್ರಕರಣದಲ್ಲಿ ಮೊದಲೆರಡು ಮೆಸೇಜ್ ಬಂದದ್ದು ಶುಕ್ರವಾರ, ಮುಂದಿನೆರಡು ತಾರೀಕಿನ ಪ್ರಕಾರ ಶನಿವಾರ. ಎರಡನೇ ಶನಿವಾರ ರಜೆ, ಭಾನುವಾರ ರಜೆ. ಹಾಗಾಗಿ ಸೋಮವಾರ ಒಂದನೇ ದಿನ, ಮಂಗಳವಾರ ಎರಡನೇ ದಿನ. ನೀವು ಗಡುವಿನೊಳಗೇ ಇದ್ದೀರಿ. ನಡುವೆ ಯುಗಾದಿಯೋ ರಾಜ್ಯೋತ್ಸವವೋ ಬಂದು ಶಾಖೆಗೆ ರಜೆಯಿದ್ದಿದ್ದರೆ ಗಡುವು ಇನ್ನೊಂದು ದಿನ ಮುಂದಕ್ಕೆ ಹೋಗುತ್ತಿತ್ತು.

ಬುಧವಾರ ದಾಟಿದ್ದರೆ ಏನಾಗುತ್ತಿತ್ತು ನೋಡಿ. ಸಾಧಾರಣ ಉಳಿತಾಯ ಖಾತೆಗೆ ನಾಲ್ಕರಿಂದ ಏಳನೇ ದಿನದ ದೂರಿನಲ್ಲಿ ಗ್ರಾಹಕರ ಹೊಣೆಯ ಮಿತಿ 10,000 ರೂ. ಕೇಳಲು ಇದು ಸಣ್ಣದಾಗಿ ಕಾಣುತ್ತದೆ. ಆದರೆ ಮಿತಿ ಇರುವುದು ಒಟ್ಟು ನಷ್ಟಕ್ಕಲ್ಲ, ಒಂದೊಂದು ವಹಿವಾಟಿಗೆ. ನಿಮ್ಮದು ತಲಾ 10,000ದ ನಾಲ್ಕು ವಹಿವಾಟು. ಅವುಗಳ ಪೂರ್ತಿ 40,000 ನಿಮ್ಮ ತಲೆಗೇ ಬೀಳುತ್ತಿತ್ತು. ಐದನೆಯದರಲ್ಲೂ 10,000 ನಿಮ್ಮದಾಗಿ, 53,760ರಲ್ಲಿ ಕೈಗೆ ಬರುತ್ತಿದ್ದುದು ಬರೀ 3,760 ರೂ. ಶೂನ್ಯ ಬ್ಯಾಲೆನ್ಸ್‌ನ ಮೂಲ ಉಳಿತಾಯ ಖಾತೆಗಳಿಗೆ ಈ ಮಿತಿ 5,000 ರೂ., ದೊಡ್ಡ ಚಾಲ್ತಿ ಖಾತೆಗಳಿಗೆ 25,000 ರೂ. ಕಳ್ಳರು ಸಣ್ಣ ಸಣ್ಣ ಮೊತ್ತದಲ್ಲಿ ಹಲವು ಸಲ ತೆಗೆಯುವುದೇ ರೂಢಿಯಾದ್ದರಿಂದ, ಒಂದು ದಿನದ ತಡ ಎಂದರೆ ಹಣ ಪೂರ್ತಿ ಬರುವುದಕ್ಕೂ ಹೆಚ್ಚುಕಡಿಮೆ ಪೂರ್ತಿ ಹೋಗುವುದಕ್ಕೂ ಇರುವ ಅಂತರ.

ಶನಿವಾರ ಶಾಖೆ ಮುಚ್ಚಿತ್ತೆಂದು ಕಾದದ್ದು ಮಾತ್ರ ಬೇಡವಾಗಿತ್ತು. ದೂರು ಸ್ವೀಕರಿಸಲು ದಿನದ 24 ಗಂಟೆಯೂ ಸಹಾಯವಾಣಿ, ಎಸ್ಸೆಮ್ಮೆಸ್, ಇಮೇಲ್, ಜಾಲತಾಣದ ಮುಖಪುಟದಲ್ಲಿ ನೇರ ಕೊಂಡಿ ಎಲ್ಲವೂ ಇರಬೇಕೆಂದು ಅದೇ ಸುತ್ತೋಲೆ ಹೇಳಿದೆ. ವಹಿವಾಟಿನ ಮೆಸೇಜಿಗೇ ‘ರಿಪ್ಲೈ’ ಮಾಡಿ ತಿಳಿಸುವ ಅನುಕೂಲವೂ ಇರಬೇಕು. ಶನಿವಾರ ಬೆಳಿಗ್ಗೆ ಕಾರ್ಡ್ ಬ್ಲಾಕ್ ಮಾಡಿಸಿದ್ದರೆ ಭಾನುವಾರದ 13,760 ರೂ. ಬಗ್ಗೆ ವಾದವೇ ಇರುತ್ತಿರಲಿಲ್ಲ. ಒಂದು ವೇಳೆ ಅಂದು ಕರೆ ಮಾಡಿ ಸಂಪರ್ಕ ಸಿಗದೇ ಹೋಗಿದ್ದರೆ ಆ ಕರೆಯ ದಾಖಲೆಯನ್ನು ಫೋನಿನಿಂದ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಬ್ಯಾಂಕಿನ ಸಹಾಯವಾಣಿ ಕೆಲಸ ಮಾಡದಿರುವುದು ಬ್ಯಾಂಕಿನ ಲೋಪ.

ಇನ್ನೊಂದು ಮಾತು. ಗಡುವು ಶುರುವಾಗುವುದು ಬ್ಯಾಂಕಿನ ಮೆಸೇಜ್ ತಲುಪಿದ ಮೇಲೆ. ಮೆಸೇಜ್ ತಲುಪಿದ ಸಮಯವನ್ನೂ ಗ್ರಾಹಕರ ಉತ್ತರದ ಸಮಯವನ್ನೂ ಬ್ಯಾಂಕ್ ದಾಖಲಿಸಿಡಬೇಕು. ಮೆಸೇಜ್ ಬಂದೇ ಇಲ್ಲದವರು, ಪಾಸ್‌ಬುಕ್ ತುಂಬಿಸಿದಾಗ ಗೊತ್ತಾದವರು, ‘ವಹಿವಾಟಾಗಿ ತಿಂಗಳಾಯಿತು’ ಎಂಬ ಮಾತಿಗೆ ಹೆದರಬೇಕಿಲ್ಲ. ಮೆಸೇಜ್ ತಲುಪಿದ ದಾಖಲೆ ತೋರಿಸಿ ಎಂದು ಬರಹದಲ್ಲಿ ಕೇಳಬೇಕು. ಮೊಬೈಲ್ ನಂಬರ್ ಬದಲಾಯಿಸಿ ಬ್ಯಾಂಕಿಗೆ ತಿಳಿಸದೇ ಇದ್ದವರಿಗೆ ಮಾತ್ರ ಈ ವಾದ ಕೈಕೊಡುತ್ತದೆ.

‘ಪಿನ್ ಸರಿಯಿತ್ತು’ ಎಂಬ ವಾದಕ್ಕೆ ಏನು ಹೇಳಬೇಕು

ಗ್ರಾಹಕರ ಹೊಣೆಯನ್ನು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ ಎಂದು ಸುತ್ತೋಲೆಯ 12ನೇ ಪ್ಯಾರಾ ನೇರವಾಗಿ ಹೇಳುತ್ತದೆ. ನಿಮ್ಮ ಪತ್ರದಲ್ಲಿ ಈ ಪ್ಯಾರಾದ ಉಲ್ಲೇಖ ಇರಲೇಬೇಕು.

ಹಾಗೆಂದು ಪಿನ್ ವಾದ ಎಲ್ಲೂ ಗೆದ್ದಿಲ್ಲ ಎಂದರೆ ನಿಮ್ಮ ದಾರಿ ತಪ್ಪಿಸಿದಂತಾಗುತ್ತದೆ. ಕಾರ್ಡ್ ಮತ್ತು ಪಿನ್ ಎರಡೂ ಇಲ್ಲದೆ ಎಟಿಎಂನಿಂದ ಹಣ ತೆಗೆಯಲಾಗದು ಎಂಬ ನೆಲೆಯಲ್ಲಿ 2011ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವೇ ಬ್ಯಾಂಕಿನ ಪರ ತೀರ್ಪು ಕೊಟ್ಟಿದ್ದುಂಟು. ಅದು 2017ರ ಸುತ್ತೋಲೆಗಿಂತ ಹಿಂದಿನ ಮಾತು. ಬೆಂಗಳೂರಿನ ಮಾರತಹಳ್ಳಿಯ ಪ್ರಕರಣವೂ ಅನೇಕರ ನೆನಪಿನಲ್ಲಿರಬಹುದು. 2013ರಲ್ಲಿ ಬಾಣಂತಿಯೊಬ್ಬರು ತಮ್ಮ ಕಾರ್ಡ್ ಮತ್ತು ಪಿನ್ ಕೊಟ್ಟು ಗಂಡನನ್ನು ಎಟಿಎಂಗೆ ಕಳಿಸಿದರು. ಯಂತ್ರದಿಂದ ಚೀಟಿ ಬಂತು, 25,000 ರೂ. ನಗದು ಬರಲಿಲ್ಲ. ಪಿನ್ ಬೇರೆಯವರಿಗೆ ಕೊಟ್ಟಿದ್ದೇ ತಪ್ಪು ಎಂದು 2018ರಲ್ಲಿ ಗ್ರಾಹಕ ನ್ಯಾಯಾಲಯ ದೂರನ್ನು ವಜಾ ಮಾಡಿತು. ಅಂದರೆ ಗಂಡನೇ ಆದರೂ, ಮಗನೇ ಆದರೂ, ಪಿನ್ ಹಂಚಿಕೊಂಡದ್ದು ಕಾರ್ಡಿನ ಷರತ್ತಿನ ಉಲ್ಲಂಘನೆಯೇ. ನಿಮ್ಮ ದುರ್ಬಲ ಅಂಶ ಇದು.

ಇದಕ್ಕೆ ಸುಳ್ಳು ಹೇಳುವುದು ಪರಿಹಾರವಲ್ಲ. ಶುಕ್ರವಾರ ಸಂಜೆ ಎಟಿಎಂನಲ್ಲಿ ನಿಂತವರು ನೀವೆಂದು ಸಿಸಿಟಿವಿ ತೋರಿಸುತ್ತದೆ, ಒಂದು ಸುಳ್ಳಿಗೆ ಇಡೀ ದೂರು ಬಿದ್ದುಹೋಗುತ್ತದೆ. ನಿಮ್ಮ ವಾದ ಹೀಗಿರಲಿ: ಸುತ್ತೋಲೆ ಹೇಳುವುದು ಗ್ರಾಹಕರ ನಿರ್ಲಕ್ಷ್ಯದ *ಕಾರಣದಿಂದ* ಆದ ನಷ್ಟದ ಬಗ್ಗೆ. ಚಿತ್ರದುರ್ಗದ ಮನೆಯಲ್ಲಿ ಮಗನಿಗೆ ಪಿನ್ ಗೊತ್ತಿದ್ದದ್ದಕ್ಕೂ ದೆಹಲಿಯಲ್ಲಿ ನಡುರಾತ್ರಿ ಹಣ ತೆಗೆದದ್ದಕ್ಕೂ ಏನು ಸಂಬಂಧ ಎಂದು ಬ್ಯಾಂಕ್ ತೋರಿಸಬೇಕು. ಮಾರತಹಳ್ಳಿಯ ಪ್ರಕರಣದಲ್ಲಿ ವಿವಾದದ ವಹಿವಾಟನ್ನೇ ಗಂಡ ಮಾಡಿದ್ದರು. ನಿಮ್ಮಲ್ಲಿ ಹಾಗಲ್ಲ.

ನಿಮ್ಮ ಕೈಯಲ್ಲಿ ಒಂದು ಅಪರೂಪದ ಸಾಕ್ಷಿಯೂ ಇದೆ. ಸಂಜೆ 7:40ಕ್ಕೆ ಚಿತ್ರದುರ್ಗದ ಯಂತ್ರದೊಳಗೆ ಹೋಗಿ ಬಂದ ಕಾರ್ಡ್ 11:52ಕ್ಕೆ ದೆಹಲಿಯಲ್ಲಿರಲು ಸಾಧ್ಯವಿಲ್ಲ. ಎರಡೂ ವಹಿವಾಟು ಬ್ಯಾಂಕಿನದೇ ಸ್ಟೇಟ್‌ಮೆಂಟಿನಲ್ಲಿವೆ. ದೆಹಲಿಯಲ್ಲಿ ಬಳಕೆಯಾದದ್ದು ನಕಲಿ ಕಾರ್ಡ್ ಎಂಬುದಕ್ಕೆ ಇದಕ್ಕಿಂತ ನೇರವಾದ ದಾಖಲೆ ಸಿಗುವುದು ಕಷ್ಟ. ಸ್ಟೇಟ್‌ಮೆಂಟಿನಲ್ಲಿ ಆ ಎರಡು ಸಾಲುಗಳಿಗೆ ಗುರುತು ಹಾಕಿ ಪ್ರತಿ ದೂರಿಗೂ ಲಗತ್ತಿಸಿ. ರಾತ್ರಿ 12ರ ಆಚೆ ಈಚೆ ಹಣ ತೆಗೆದಿರುವುದೂ ಕಾಕತಾಳೀಯವಲ್ಲ. ತಾರೀಕು ಬದಲಾದೊಡನೆ ದಿನದ ಮಿತಿ ಹೊಸದಾಗಿ ತೆರೆದುಕೊಳ್ಳುತ್ತದೆ, ನಕಲಿ ಕಾರ್ಡಿನವರು ಹೊಂಚುಹಾಕುವುದು ಆ ಹೊತ್ತಿಗೇ.

ಕಾರ್ಡ್ ನಕಲಾಗುವುದು ಹೇಗೆಂಬುದನ್ನು ಸ್ವಲ್ಪ ತಿಳಿದುಕೊಂಡರೆ ಬ್ಯಾಂಕಿನಲ್ಲಿ ಸರಿಯಾದ ಪ್ರಶ್ನೆ ಕೇಳಬಹುದು. ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಸದಾ ಒಂದೇ ಆಗಿರುತ್ತದೆ. ಎಟಿಎಂನ ಕಾರ್ಡ್ ಹಾಕುವ ಕಂಡಿಗೆ ಅಂಟಿಸಿದ ಸ್ಕಿಮ್ಮರ್ ಅದನ್ನು ಓದಿಕೊಳ್ಳುತ್ತದೆ, ಮೇಲೆ ಅಡಗಿಸಿಟ್ಟ ಪುಟ್ಟ ಕ್ಯಾಮೆರಾ ಪಿನ್ ಒತ್ತುವ ಬೆರಳನ್ನು ನೋಡುತ್ತದೆ. ಮುಂಭಾಗದ ಚಿಪ್ ಹಾಗಲ್ಲ, ಪ್ರತಿ ವಹಿವಾಟಿಗೂ ಹೊಸ ಸಂಕೇತ ಹುಟ್ಟಿಸುತ್ತದೆ, ಅದನ್ನು ನಕಲು ಮಾಡುವುದು ಸುಲಭವಲ್ಲ. ಆದ್ದರಿಂದಲೇ ಬರೀ ಪಟ್ಟಿ ಇರುವ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಆದರೆ ಚಿಪ್ ಕಾರ್ಡಿನ ಹಿಂದೆಯೂ ಪಟ್ಟಿ ಉಳಿದಿದೆ. ಯಾವುದಾದರೂ ಯಂತ್ರ ‘ಚಿಪ್ ಓದಲಾಗುತ್ತಿಲ್ಲ’ ಎಂದು ಪಟ್ಟಿಗೆ ಇಳಿದು, ಬ್ಯಾಂಕ್ ಅದಕ್ಕೆ ಒಪ್ಪಿಗೆ ಕೊಟ್ಟರೆ ನಕಲಿ ಕಾರ್ಡಿಗೆ ಹಣ ಸಿಗುತ್ತದೆ. ಚಿಪ್ ಕಾರ್ಡ್ ಕೊಟ್ಟಿದ್ದೂ ಪಟ್ಟಿಯ ವಹಿವಾಟಿಗೆ ಒಪ್ಪಿದ್ದರೆ ಅದು ಬ್ಯಾಂಕಿನ ಕಡೆಯ ಲೋಪ ಎಂದು ವಾದಿಸಲು ಒಳ್ಳೆಯ ಆಧಾರ.

ಹಾಗಾಗಿ ಬ್ಯಾಂಕಿನಿಂದ ಕೇಳಬೇಕಾದ ಮುಖ್ಯ ಮಾಹಿತಿ ‘ಪಿಒಎಸ್ ಎಂಟ್ರಿ ಮೋಡ್’. ಕಾರ್ಡನ್ನು ಯಂತ್ರ ಹೇಗೆ ಓದಿತು ಎಂಬುದಕ್ಕೆ ಪ್ರತಿ ವಹಿವಾಟಿನ ದಾಖಲೆಯಲ್ಲೂ ಒಂದು ಸಂಕೇತ ಇರುತ್ತದೆ. 05 ಎಂದರೆ ಚಿಪ್, 07 ಎಂದರೆ ತಾಗಿಸಿದ್ದು, 90 ಎಂದರೆ ಪಟ್ಟಿ. ಜೊತೆಗೆ ಎಟಿಎಂನ ಗುರುತಿನ ಸಂಖ್ಯೆ ಮತ್ತು ವಿಳಾಸ, ಯಂತ್ರದ ಇಜೆ ಲಾಗ್ (ಪ್ರತಿ ವಹಿವಾಟನ್ನೂ ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಾಖಲೆ), ಆ ಹೊತ್ತಿನ ಸಿಸಿಟಿವಿ ಚಿತ್ರ. ಎಟಿಎಂ ಬೇರೆ ಬ್ಯಾಂಕಿನದಾದರೆ ಚಿತ್ರ ಆ ಬ್ಯಾಂಕಿನ ಬಳಿ ಇರುತ್ತದೆ, ಅದನ್ನು ತರಿಸುವುದು ನಿಮ್ಮ ಬ್ಯಾಂಕಿನ ಕೆಲಸ. ಸಿಸಿಟಿವಿ ಚಿತ್ರಗಳ ಮೇಲೆ ಕೆಲಕಾಲದ ನಂತರ ಹೊಸ ಚಿತ್ರ ದಾಖಲಾಗಿ ಹಳೆಯದು ಅಳಿಯುತ್ತದೆ. ‘ಉಳಿಸಿಡಿ’ ಎಂಬ ಕೋರಿಕೆ ನಿಮ್ಮ ಮಂಗಳವಾರದ ಪತ್ರದಲ್ಲಿ ಇಲ್ಲದಿದ್ದರೆ ಇಂದೇ ಬರೆಯಿರಿ. ಕೇಳಿದ ಮೇಲೂ ಬ್ಯಾಂಕ್ ಉಳಿಸದೇ ಹೋದರೆ ಆ ಲೋಪ ಮುಂದೆ ಗ್ರಾಹಕ ಆಯೋಗದಲ್ಲಿ ನಿಮ್ಮ ಪರ ಮಾತಾಡುತ್ತದೆ.

ದಾಖಲೆಯಲ್ಲಿ 05 ಇದ್ದರೆ? ಆಗ ಅಸಲಿ ಕಾರ್ಡೇ ಬಳಕೆಯಾಗಿದೆ ಎಂದು ಬ್ಯಾಂಕ್ ಗಟ್ಟಿಯಾಗಿ ಹೇಳುತ್ತದೆ. ಸಾಮಾನ್ಯ ಪ್ರಕರಣಗಳಲ್ಲಿ ಅದು ದೂರುದಾರರಿಗೆ ಕಷ್ಟ ತರುವ ಸಂಗತಿ. ನಿಮ್ಮಲ್ಲಿ ಅದಕ್ಕೆ ಉತ್ತರ ಸಂಜೆ 7:40ರ ದಾಖಲೆ. ಆದರೂ ಒಂದು ಎಚ್ಚರಿಕೆ ಇರಲಿ. ಎಟಿಎಂನಲ್ಲಿ ನೆರವಿಗೆ ಬಂದವರು ಕಾರ್ಡ್ ಅದಲುಬದಲು ಮಾಡಿಕೊಂಡು ಹೋಗಿರುವುದುಂಟು, ವಯಸ್ಸಾದವರಿಗೆ ಇದು ಬಹಳ ಆಗುತ್ತದೆ. ಮನೆಯಲ್ಲಿರುವ ಕಾರ್ಡಿನ ಮೇಲೆ ನಿಮ್ಮ ತಾಯಿಯವರದೇ ಹೆಸರು, ಅದೇ ಕೊನೆಯ ನಾಲ್ಕು ಅಂಕಿ ಇದೆಯೇ ಎಂದು ಒಮ್ಮೆ ನೋಡಿಬಿಡಿ.

ವಿದೇಶಿ ಜಾಲತಾಣದ 13,760 ರೂ.

ಈ ಮೊತ್ತದಲ್ಲಿ ನಿಮ್ಮ ನೆಲೆ ಇನ್ನೂ ಗಟ್ಟಿ. ನಮ್ಮ ದೇಶದ ಅಂಗಡಿಗಳ ಆನ್‌ಲೈನ್ ಪಾವತಿಗೆ ಒಟಿಪಿಯಂಥ ಎರಡನೇ ದೃಢೀಕರಣ ಬೇಕು. ವಿದೇಶಿ ತಾಣಗಳು ಬಹುಪಾಲು ಕಾರ್ಡ್ ಸಂಖ್ಯೆ, ಅವಧಿ, ಸಿವಿವಿ ಇದ್ದರೆ ಹಣ ಎಳೆದುಕೊಳ್ಳುತ್ತಿದ್ದವು. ಆ ಬಾಗಿಲು ಮುಚ್ಚಲೆಂದೇ ರಿಸರ್ವ್ ಬ್ಯಾಂಕ್ 2020ರ ಜನವರಿ 15ರಂದು ಇನ್ನೊಂದು ಆದೇಶ ಕೊಟ್ಟಿತು. ಹೊಸ ಕಾರ್ಡ್ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಿ ಮಾತ್ರ ನಡೆಯುವಂತೆ ಬರಬೇಕು. ಆನ್‌ಲೈನ್, ವಿದೇಶಿ, ತಾಗಿಸಿ ಪಾವತಿಸುವ ಸೌಲಭ್ಯ ಬೇಕೆಂದರೆ ಗ್ರಾಹಕರೇ ತೆರೆಯಬೇಕು. ಹಳೆಯ ಕಾರ್ಡುಗಳಲ್ಲೂ ಇಂಥ ವಹಿವಾಟಿಗೆ ಒಮ್ಮೆಯೂ ಬಳಸದ್ದನ್ನು ಬ್ಯಾಂಕ್ ಕಡ್ಡಾಯವಾಗಿ ಮುಚ್ಚಬೇಕು.

ತಾಯಿಯವರ ಕಾರ್ಡ್ ಎಂದೂ ವಿದೇಶಿ ವಹಿವಾಟಿಗೆ ಬಳಕೆಯಾಗಿಲ್ಲವೆಂದರೆ ಬ್ಯಾಂಕ್ ಒಂದೇ ಪ್ರಶ್ನೆಗೆ ಉತ್ತರಿಸಬೇಕು: ಆ ಸೌಲಭ್ಯವನ್ನು ಯಾರು, ಯಾವ ತಾರೀಕು, ಯಾವ ಮಾರ್ಗದಿಂದ ತೆರೆದರು? ಉತ್ತರವಿಲ್ಲದಿದ್ದರೆ ಲೋಪ ಬ್ಯಾಂಕಿನದೇ, ಅಲ್ಲಿ ದಿನದ ಗಡುವೂ ಅಡ್ಡ ಬರುವುದಿಲ್ಲ. ಎಟಿಎಂನ 40,000ವನ್ನೂ ಇದನ್ನೂ ಒಂದೇ ಉಸಿರಿನಲ್ಲಿ ಬರೆಯದೆ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ. ಬ್ಯಾಂಕಿನವರು ಐದೂ ವಹಿವಾಟಿಗೆ ‘ಪಿನ್ ಸರಿಯಿತ್ತು’ ಎಂಬ ಒಂದೇ ಉತ್ತರ ಅಂಟಿಸಿದ್ದಾರೆ. ಆನ್‌ಲೈನ್ ವಹಿವಾಟಿನಲ್ಲಿ ಎಟಿಎಂ ಪಿನ್ ಎಲ್ಲಿಂದ ಬಂತು? ಅವರು ದೂರನ್ನು ಸರಿಯಾಗಿ ಓದಿಲ್ಲವೆಂಬುದಕ್ಕೆ ಇದೇ ಗುರುತು. ಜೊತೆಗೆ ಕಾರ್ಡ್ ಜಾಲದ (ವೀಸಾ, ರುಪೇಯಂಥವರ) ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಅಂಗಡಿಯಿಂದ ಹಣ ಹಿಂಪಡೆಯುವ ಕೋರಿಕೆ, ಹಾಕಲು ಡಿಸ್ಪ್ಯೂಟ್ ಫಾರಂ ಕೇಳಿ ತುಂಬಿಕೊಡಿ. ಅದಕ್ಕೆ ಜಾಲದವರದೇ ಪ್ರತ್ಯೇಕ ಗಡುವು ಇರುವುದರಿಂದ ಓಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ) ನಿರ್ಧಾರಕ್ಕೆ ಕಾಯುವುದು ಬೇಡ.

ನ್ಯಾಯಾಲಯಗಳು ಏನು ಹೇಳಿವೆ

ಮೂರು ತೀರ್ಪುಗಳು ನಿಮಗೆ ಉಪಯೋಗಕ್ಕೆ ಬರುತ್ತವೆ. ಬ್ರೆಜಿಲ್‌ನ ಎಟಿಎಂಗಳಿಂದ ಸುಮಾರು 2.4 ಲಕ್ಷ ರೂ. ಅನಧಿಕೃತವಾಗಿ ತೆಗೆದ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2019ರ ಜನವರಿಯಲ್ಲಿ ಬ್ಯಾಂಕನ್ನೇ ಹೊಣೆ ಮಾಡಿತು. ಗ್ರಾಹಕರು ಮೆಸೇಜಿಗೆ ಸ್ಪಂದಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಬ್ಯಾಂಕ್ ಕೈತೊಳೆದುಕೊಳ್ಳುವಂತಿಲ್ಲ ಎಂದಿತು. 2024ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ 2017ರ ಸುತ್ತೋಲೆಯನ್ನೇ ಆಧರಿಸಿ ಒಂದು ಕಂಪನಿಗೆ 76 ಲಕ್ಷಕ್ಕೂ ಹೆಚ್ಚು ಹಣ ಮರಳಿಸಲು ಹೇಳಿತು. ಗುವಾಹಟಿ ಹೈಕೋರ್ಟ್ 94,204 ರೂ. ಕಳೆದುಕೊಂಡ ಗ್ರಾಹಕರ ಪರ ಕೊಟ್ಟ ತೀರ್ಪಿನಲ್ಲಿ ಮಧ್ಯೆ ಬರಲು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ನಿರಾಕರಿಸಿತು. ಆ ಗ್ರಾಹಕರು 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು ಎಂಬುದನ್ನು ನ್ಯಾಯಾಲಯ ಗಮನಿಸಿತು. ಇವುಗಳಲ್ಲಿ ಕೇರಳದ್ದು ನಿಮ್ಮ ಎಟಿಎಂ ಪ್ರಕರಣಕ್ಕೆ ತೀರಾ ಹತ್ತಿರ.

ಈಗ ಮಾಡಬೇಕಾದ್ದು

ಮೊದಲ ಪತ್ರ ಬ್ಯಾಂಕಿನ ಪ್ರಧಾನ ನೋಡಲ್ ಅಧಿಕಾರಿಗೆ, ಅಂದರೆ ದೂರುಗಳ ಹೊಣೆ ಹೊತ್ತ ಹಿರಿಯ ಅಧಿಕಾರಿಗೆ. ಹೆಸರು, ಇಮೇಲ್ ಬ್ಯಾಂಕಿನ ಜಾಲತಾಣದಲ್ಲಿರುತ್ತದೆ. ಸಹಿ ತಾಯಿಯವರದೇ ಇರಲಿ. ಕನ್ನಡದಲ್ಲೇ ಬರೆಯಬಹುದು, ಒಕ್ಕಣೆ ಹೀಗಿದ್ದರೆ ಸಾಕು:

“ನನ್ನ ಉಳಿತಾಯ ಖಾತೆ ಸಂಖ್ಯೆ ___ರಿಂದ ನನ್ನ ಒಪ್ಪಿಗೆಯಿಲ್ಲದೆ ಐದು ವಹಿವಾಟುಗಳಲ್ಲಿ 53,760 ರೂ. ಕಡಿತವಾಗಿದೆ (ಪಟ್ಟಿ ಲಗತ್ತಿಸಿದೆ). ಎರಡನೇ ಕೆಲಸದ ದಿನವೇ ದೂರು ಸಂಖ್ಯೆ ___ರ ಮೂಲಕ ತಿಳಿಸಿದ್ದೇನೆ. ನಾಲ್ಕು ಎಟಿಎಂ ವಹಿವಾಟು ನಡೆದಾಗ ಅಸಲಿ ಕಾರ್ಡ್ ಚಿತ್ರದುರ್ಗದಲ್ಲಿತ್ತು. ಅಂದು ಸಂಜೆ 7:40ರ ವಹಿವಾಟು ಇದಕ್ಕೆ ದಾಖಲೆ. ವಿದೇಶಿ ಆನ್‌ಲೈನ್ ಸೌಲಭ್ಯವನ್ನು ನಾನು ಎಂದೂ ತೆರೆದಿಲ್ಲ. ರಿಸರ್ವ್ ಬ್ಯಾಂಕಿನ 06-07-2017ರ ಸುತ್ತೋಲೆಯ 12ನೇ ಪ್ಯಾರಾ ಪ್ರಕಾರ ನನ್ನ ನಿರ್ಲಕ್ಷ್ಯವನ್ನು ಸಾಬೀತುಪಡಿಸುವ ಹೊಣೆ ತಮ್ಮದು. ಎಂಟ್ರಿ ಮೋಡ್, ಇಜೆ ಲಾಗ್ ಮತ್ತು ಸಿಸಿಟಿವಿ ಚಿತ್ರಗಳನ್ನು ಉಳಿಸಿ ಒದಗಿಸಬೇಕು. ಪೂರ್ತಿ ಮೊತ್ತವನ್ನು ವಹಿವಾಟು ನಡೆದ ದಿನಾಂಕದಿಂದಲೇ ಅನ್ವಯಿಸುವಂತೆ ಜಮೆ ಮಾಡಬೇಕು. ದೂರನ್ನು ತಿರಸ್ಕರಿಸುವ ಮೊದಲು ಆಂತರಿಕ ಓಂಬುಡ್ಸ್‌ಮನ್ ಪರಿಶೀಲಿಸಿದ್ದಾರೆಯೇ ಎಂಬುದನ್ನು ತಿಳಿಸಬೇಕು.”

ಕೊನೆಯ ಎರಡು ವಾಕ್ಯಗಳಿಗೆ ವಿವರಣೆ ಬೇಕು. ದೂರು ಬಂದ 10 ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕೆಂದು ನಿಯಮವಿದೆ. ಇದಕ್ಕೆ ಶ್ಯಾಡೋ ಕ್ರೆಡಿಟ್ ಎನ್ನುತ್ತಾರೆ. ಇನ್ಶೂರೆನ್ಸ್ ಹಣ ಬರಲಿ ಎಂದು ಕಾಯುವಂತಿಲ್ಲ. ಜಮೆ ಹಿಂದಿನ ದಿನಾಂಕದಿಂದಲೇ ಲೆಕ್ಕವಾಗಬೇಕು, ಅಂದರೆ ಬಡ್ಡಿಯೂ ನಷ್ಟವಾಗಬಾರದು. ತನಿಖೆ ಮುಗಿಯುವವರೆಗೆ ಬ್ಯಾಂಕುಗಳು ಆ ಹಣಕ್ಕೆ ತಡೆ ಹಾಕಿಡುವುದುಂಟು, ಹಾಗಾಗಿ ಪಾಸ್‌ಬುಕ್‌ನಲ್ಲಿ ಕಂಡೊಡನೆ ಕೈಗೆ ಬಂತೆಂದು ಅಂದುಕೊಳ್ಳಬೇಡಿ. ದೂರನ್ನು ಹೆಚ್ಚೆಂದರೆ 90 ದಿನದೊಳಗೆ ಇತ್ಯರ್ಥ ಮಾಡಬೇಕು. ಅಷ್ಟರಲ್ಲಿ ಹೊಣೆ ಯಾರದೆಂದು ಬ್ಯಾಂಕಿಗೆ ನಿರ್ಧರಿಸಲಾಗದಿದ್ದರೂ ನಿಯಮದ ಪ್ರಕಾರದ ಪರಿಹಾರ ಕೊಡಲೇಬೇಕು. ಆಂತರಿಕ ಓಂಬುಡ್ಸ್‌ಮನ್ ಎಂದರೆ ಹತ್ತು ಅಥವಾ ಹೆಚ್ಚು ಶಾಖೆಗಳಿರುವ ವಾಣಿಜ್ಯ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳನ್ನು ಬಿಟ್ಟು, ನೇಮಿಸಬೇಕಾದ ಅಧಿಕಾರಿ. ಬ್ಯಾಂಕ್ ತಿರಸ್ಕರಿಸಲು ಹೊರಟ ದೂರು ಅವರ ಕೈದಾಟಿಯೇ ಬರಬೇಕು. ನಿಮಗೆ ಬಂದ ಉತ್ತರದಲ್ಲಿ ಆ ಮಾತೇ ಇಲ್ಲದಿದ್ದರೆ ಪ್ರಶ್ನಿಸಲು ಅದೂ ಒಂದು ಅಂಶ.

ಎಫ್‌ಐಆರ್ ವಿಷಯ. ಎಫ್‌ಐಆರ್ ತಂದರೆ ಮಾತ್ರ ಹಣ ಎಂಬ ಷರತ್ತು ಸುತ್ತೋಲೆಯಲ್ಲಿಲ್ಲ. ಆದರೂ ಪೊಲೀಸ್ ದೂರು ಕೊಡಿ, ಅದರಿಂದ ನಿಮಗೆ ಲಾಭವೇ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿದರೆ ಸ್ವೀಕೃತಿ ಸಂಖ್ಯೆ ಸಿಗುತ್ತದೆ. ಹಣ ಇನ್ನೊಂದು ಖಾತೆಗೆ ವರ್ಗವಾದ ವಂಚನೆಗಳಲ್ಲಿ ಮೊದಲ ಗಂಟೆಗಳಲ್ಲೇ 1930ಕ್ಕೆ ತಿಳಿಸಿದರೆ ಆ ಹಣವನ್ನು ತಡೆಹಿಡಿಯಲು ಸಾಧ್ಯವಾಗುತ್ತದೆ. ಎಟಿಎಂನಿಂದ ನಗದಾಗಿ ಹೋದದ್ದಕ್ಕೆ ಆ ಅನುಕೂಲ ಕಡಿಮೆ. ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಕಲಂಗಳನ್ನು ಹೆಸರಿಸಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ಪೊಲೀಸರು ನೋಟಿಸ್ ಕೊಟ್ಟರೆ ದೆಹಲಿಯ ಎಟಿಎಂನ ಸಿಸಿಟಿವಿ ಚಿತ್ರವನ್ನು ಬ್ಯಾಂಕ್ ಒದಗಿಸಬೇಕಾಗುತ್ತದೆ. ನಿಮಗೆ ನೇರವಾಗಿ ಸಿಗದ ದಾಖಲೆ ಆ ದಾರಿಯಲ್ಲಿ ಸಿಗುತ್ತದೆ.

ಬ್ಯಾಂಕ್ ಈಗಾಗಲೇ ತಿರಸ್ಕರಿಸಿರುವುದರಿಂದ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಬಳಿ ಹೋಗಲು 30 ದಿನ ಕಾಯಬೇಕಿಲ್ಲ. ಆ ಕಾಯುವಿಕೆ ಉತ್ತರವೇ ಬಾರದವರಿಗೆ. ರಿಸರ್ವ್ ಬ್ಯಾಂಕಿನ ಸಿಎಂಎಸ್ (ದೂರು ನಿರ್ವಹಣಾ ವ್ಯವಸ್ಥೆ) ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಅಂಚೆಯಲ್ಲೂ ಕಳಿಸಬಹುದು. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಶುಲ್ಕವಿಲ್ಲ. ವಕೀಲರ ಮೂಲಕ ಹಾಕಿದ ದೂರನ್ನು ಸ್ವೀಕರಿಸುವುದಿಲ್ಲ, ತಾಯಿಯವರೇ ಹಾಕಬೇಕು ಅಥವಾ ನಿಮಗೆ ಅಧಿಕಾರ ಪತ್ರ ಕೊಡಬೇಕು. ಇಲ್ಲಿ ಬಹಳ ಜನ ಎಡವುವುದು ಕ್ರಮದಲ್ಲಿ. ಗ್ರಾಹಕ ಆಯೋಗದಲ್ಲಿ ಮೊದಲೇ ಪ್ರಕರಣ ಹೂಡಿದ್ದರೆ ಓಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಓಂಬುಡ್ಸ್‌ಮನ್, ಆಮೇಲೆ ಆಯೋಗ. ಪೊಲೀಸ್ ದೂರು ಇದಕ್ಕೆ ಅಡ್ಡಿಯಾಗುವುದಿಲ್ಲ.

ಓಂಬುಡ್ಸ್‌ಮನ್‌ನಲ್ಲಿ ನ್ಯಾಯ ಸಿಗದಿದ್ದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರರು ವಾಸಿಸುವ ಊರಿನಲ್ಲೇ ದೂರು ಹಾಕಬಹುದು, ಬ್ಯಾಂಕಿನ ಮುಖ್ಯ ಕಚೇರಿ ಎಲ್ಲಿದ್ದರೇನು. ಕಾಲಮಿತಿ ಎರಡು ವರ್ಷ. 5 ಲಕ್ಷದವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಹೋದ ಹಣ, ಬಡ್ಡಿ, ಮಾನಸಿಕ ಕಿರುಕುಳಕ್ಕೆ ಪರಿಹಾರ, ಖರ್ಚು ಇವನ್ನು ಬೇರೆ ಬೇರೆಯಾಗಿ ಕೇಳಿ. ಅಲ್ಲಿ ಸಾಕ್ಷಿ ಮಾತಿಗಿಂತ ಕಾಗದಕ್ಕೆ ಬೆಲೆ. ಬ್ಯಾಂಕಿಗೆ ಕೊಟ್ಟ ಪ್ರತಿ ಪತ್ರದ ಮೇಲೂ ಮುದ್ರೆ, ತಾರೀಕು ಹಾಕಿಸಿಕೊಂಡ ಪ್ರತಿ ಇರಲಿ. ಮುದ್ರೆ ಹಾಕಲು ಒಪ್ಪದಿದ್ದರೆ ಅದೇ ಪತ್ರವನ್ನು ಇಮೇಲ್ ಮತ್ತು ನೋಂದಾಯಿತ ಅಂಚೆಯಲ್ಲಿ ಕಳಿಸಿ. ಮೂಲ ಮೆಸೇಜುಗಳಿರುವ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ಹೊಸ ಕಾರ್ಡ್ ಬಂದಾಗ ತಾಯಿಯವರ ಹೆಸರಿನಲ್ಲಿ ವಿದೇಶಿ ಮತ್ತು ಆನ್‌ಲೈನ್ ಎರಡನ್ನೂ ಮುಚ್ಚಿಯೇ ಇಡಿ. ಕಾರ್ಡ್ ತಾಗಿಸಿದರೆ 5,000 ರೂ. ವರೆಗೆ ಪಿನ್ ಇಲ್ಲದೆಯೂ ಪಾವತಿಯಾಗುತ್ತದೆ, ಅವರಿಗೆ ಬೇಡವಾದರೆ ಅದೂ ಮುಚ್ಚಿರಲಿ. ಎಟಿಎಂನ ದಿನದ ಮಿತಿಯನ್ನು 5,000ಕ್ಕೋ 10,000ಕ್ಕೋ ಇಳಿಸಿ. ಮನೆಯ ಖರ್ಚಿಗೆ ನೀವೇ ಹಣ ತೆಗೆಯಬೇಕಾದ ಸ್ಥಿತಿ ಇದ್ದರೆ ಅವರ ಪಿನ್ ಬಳಸುವುದನ್ನು ನಿಲ್ಲಿಸಿ, ಖಾತೆಗೆ ನಿಮ್ಮನ್ನು ಜಂಟಿ ಖಾತೆದಾರರಾಗಿ ಸೇರಿಸಿಕೊಂಡು ನಿಮ್ಮ ಹೆಸರಿನದೇ ಬೇರೆ ಕಾರ್ಡ್ ಪಡೆಯಿರಿ.